ನೂರಕ್ಕೆ ಇಷ್ಟು ಎಂದರೆ ಯಾವ ನೂರು?



ಮನೆಯಲ್ಲಿ ಯಾರಿಗಾದರೂ ಕಾಯಿಲೆ ಎಂದ ಕೂಡಲೇ ನಮ್ಮ ಕಡೆ ಎರಡು ಬಗೆಯ ಸಲಹೆಗಳು ಬಾಗಿಲಿಗೆ ಬರುತ್ತವೆ. "ನಮ್ಮ ಸೋದರಮಾವನಿಗೆ ಅದರಿಂದಲೇ ಗುಣವಾಯಿತು, ನೀವೂ ಅದನ್ನೇ ಮಾಡಿ" ಎಂಬುದು ಒಂದು. "ಆ ಚಿಕಿತ್ಸೆಯಲ್ಲಿ ನೂರಕ್ಕೆ ಎಂಬತ್ತು ಮಂದಿ ಗುಣವಾಗುತ್ತಾರಂತೆ, ಇದರಲ್ಲಿ ಎಪ್ಪತ್ತೇ ಅಂತೆ" ಎಂಬುದು ಇನ್ನೊಂದು. ಮೊದಲನೆಯದನ್ನು ನಾವು ಸ್ವಲ್ಪ ಅನುಮಾನದಿಂದ ಕೇಳುತ್ತೇವೆ. ಸೋದರಮಾವ ಒಬ್ಬನೇ ತಾನೇ? ಎರಡನೆಯದರಲ್ಲಿ ಅಂಕಿ ಇರುವುದರಿಂದ ತಲೆಬಾಗುತ್ತೇವೆ. ಅಂಕಿಗೆ ತಲೆಬಾಗುವ ಮೊದಲು ಅದನ್ನು ಎರಡು ಮಾತು ಕೇಳಬೇಕು ಎಂದು ಹೇಳುವುದೇ ಈ ಹೊತ್ತಿನ ನನ್ನ ಉದ್ದೇಶ.

ನಾನು ವೈದ್ಯನಲ್ಲ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ನನ್ನ ಓದು ಮೆಟ್ರಿಕ್‌ವರೆಗೆ. ಯಾವ ರೋಗಕ್ಕೆ ಯಾವ ಮದ್ದು ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಲೆಕ್ಕ ನೋಡುವುದು ನನ್ನ ಕಸುಬಾಗಿತ್ತು. ಕೂಡಿಸಿದ ಮೊತ್ತ ಸರಿಯಿದ್ದರೂ ಅದು ಹೇಳುವ ಕಥೆ ತಪ್ಪಾಗಿರಬಹುದು ಎಂಬುದನ್ನು ಲೆಡ್ಜರು ಬರೆದವರೆಲ್ಲ ಬಲ್ಲರು.

ಮೊದಲು ಬ್ಯಾಂಕಿನದೇ ಒಂದು ಉದಾಹರಣೆ ಕೊಡುತ್ತೇನೆ. ಇದು ಕಲ್ಪಿಸಿಕೊಂಡ ಲೆಕ್ಕ. ಎರಡು ಶಾಖೆಗಳಿವೆ ಎಂದುಕೊಳ್ಳಿ. ಪೇಟೆಯ ಶಾಖೆ 100 ಸಾಲ ಕೊಟ್ಟಿತು, 86 ವಸೂಲಾದವು. ಹಳ್ಳಿಯ ಶಾಖೆಯೂ 100 ಸಾಲ ಕೊಟ್ಟಿತು, 68 ವಸೂಲಾದವು. ಯಾವ ಶಾಖೆಯ ಕೆಲಸ ಚೆನ್ನಾಗಿದೆ? ಪೇಟೆಯದು ಎಂದು ಯಾರಾದರೂ ಹೇಳುತ್ತಾರೆ. ಈಗ ಪುಸ್ತಕ ತೆರೆದು ಸಾಲಗಳನ್ನು ಬಗೆ ಬಗೆಯಾಗಿ ಬಿಡಿಸೋಣ. ಪೇಟೆಯ ಶಾಖೆ ಕೊಟ್ಟ 100ರಲ್ಲಿ 80 ಬಂಗಾರದ ಮೇಲಿನ ಸಾಲ, 20 ಬೆಳೆಸಾಲ. ಬಂಗಾರದ ಸಾಲದಲ್ಲಿ 76 ಬಂದವು, ಎಂದರೆ ನೂರಕ್ಕೆ 95. ಬೆಳೆಸಾಲದಲ್ಲಿ 10 ಬಂದವು, ಎಂದರೆ ನೂರಕ್ಕೆ 50. ಹಳ್ಳಿಯ ಶಾಖೆಯದು ಇದಕ್ಕೆ ತಿರುಗು ಮುರುಗು. ಅಲ್ಲಿ ಬಂಗಾರದ ಸಾಲ 20, ಇಪ್ಪತ್ತೂ ಬಂದವು. ಬೆಳೆಸಾಲ 80, ಬಂದದ್ದು 48, ಎಂದರೆ ನೂರಕ್ಕೆ 60. ನೋಡಿದಿರಾ? ಬಂಗಾರದ ಸಾಲದಲ್ಲೂ ಹಳ್ಳಿಯ ಶಾಖೆಯೇ ಮುಂದೆ, ಬೆಳೆಸಾಲದಲ್ಲೂ ಅದೇ ಮುಂದೆ. ಕೂಡಿಸಿದಾಗ ಮಾತ್ರ ಅದು ಹಿಂದೆ ಬಿತ್ತು. ಕಾರಣ ಇಷ್ಟೇ. ಮಳೆಯನ್ನು ನಂಬಿದ ಸಾಲಗಳು ಅದರ ಪಾಲಿಗೆ ಹೆಚ್ಚಾಗಿ ಬಂದಿದ್ದವು. ಕಷ್ಟದ ಕೆಲಸ ಹೊತ್ತವನ ಅಂಕಿ ಕಡಿಮೆಯಾಗಿ ಕಂಡಿತು.

ವೈದ್ಯಕೀಯದಲ್ಲಿ ಇದೇ ನಿಜವಾಗಿ ನಡೆದದ್ದುಂಟು. 1986ರಲ್ಲಿ ಇಂಗ್ಲೆಂಡಿನ ವೈದ್ಯರು ಮೂತ್ರಪಿಂಡದ ಕಲ್ಲಿನ ಚಿಕಿತ್ಸೆಗಳನ್ನು ಹೋಲಿಸಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಲೇಖನ ಪ್ರಕಟಿಸಿದರು. ಒಂದು, ಪಕ್ಕೆ ಕೊಯ್ದು ಕಲ್ಲು ತೆಗೆಯುವ ಹಳೆಯ ಆಪರೇಷನ್. ಇನ್ನೊಂದು, ಬೆನ್ನಿನ ಕಡೆಯಿಂದ ಸಣ್ಣ ರಂಧ್ರ ಮಾಡಿ ನಳಿಕೆ ಇಳಿಸಿ ಕಲ್ಲು ತೆಗೆಯುವ ಆಗಿನ ಹೊಸ ವಿಧಾನ. ಎರಡರಲ್ಲೂ 350 ರೋಗಿಗಳ ಲೆಕ್ಕ. ಹಳೆಯ ಆಪರೇಷನ್‌ನಲ್ಲಿ 273 ಮಂದಿಗೆ ಸಫಲ, ಎಂದರೆ ನೂರಕ್ಕೆ 78. ರಂಧ್ರದ ವಿಧಾನದಲ್ಲಿ 289 ಮಂದಿಗೆ ಸಫಲ, ಎಂದರೆ ನೂರಕ್ಕೆ ಸುಮಾರು 83. ಇಷ್ಟು ಕೇಳಿದವರು ಹೊಸದೇ ಮೇಲು ಎಂದು ಎದ್ದು ಹೋಗುತ್ತಾರೆ.

ಆದರೆ ಅದೇ ಲೆಕ್ಕವನ್ನು ಕಲ್ಲಿನ ಗಾತ್ರದ ಪ್ರಕಾರ ಬಿಡಿಸಿದಾಗ ಬೇರೆಯೇ ಕಂಡಿತು. ಎರಡು ಸೆಂಟಿಮೀಟರಿಗಿಂತ ಚಿಕ್ಕ ಕಲ್ಲಿನವರಲ್ಲಿ ಹಳೆಯ ಆಪರೇಷನ್ 87ರಲ್ಲಿ 81 ಮಂದಿಗೆ ಫಲಿಸಿತ್ತು, ನೂರಕ್ಕೆ 93. ರಂಧ್ರದ ವಿಧಾನ 270ರಲ್ಲಿ 234 ಮಂದಿಗೆ, ನೂರಕ್ಕೆ 87. ದೊಡ್ಡ ಕಲ್ಲಿನವರಲ್ಲಿ ಹಳೆಯದು 263ರಲ್ಲಿ 192 ಮಂದಿಗೆ, ನೂರಕ್ಕೆ 73. ರಂಧ್ರದ ವಿಧಾನ 80ರಲ್ಲಿ 55 ಮಂದಿಗೆ, ನೂರಕ್ಕೆ 69. ಚಿಕ್ಕ ಕಲ್ಲಿಗೂ ಹಳೆಯದೇ ಮುಂದೆ, ದೊಡ್ಡ ಕಲ್ಲಿಗೂ ಹಳೆಯದೇ ಮುಂದೆ. ಒಟ್ಟು ಮೊತ್ತದಲ್ಲಿ ಮಾತ್ರ ಹೊಸದು ಮುಂದೆ. ಇಲ್ಲಿ ದೊಡ್ಡ ಕಲ್ಲು ಎಂದರೆ ನಮ್ಮ ಬೆಳೆಸಾಲ, ಚಿಕ್ಕ ಕಲ್ಲು ಎಂದರೆ ಬಂಗಾರದ ಸಾಲ. ಕಷ್ಟದ ರೋಗಿಗಳು ಹೆಚ್ಚಾಗಿ ಹಳೆಯ ಆಪರೇಷನ್ನಿನ ಪಾಲಿಗೆ ಬಂದಿದ್ದರು.

ಹಾಗಾದರೆ ಇವತ್ತು ಕಲ್ಲು ಇರುವವರು ಪಕ್ಕೆ ಕೊಯ್ಸಿಕೊಳ್ಳಬೇಕೇ? ಖಂಡಿತ ಹಾಗಲ್ಲ. ಆ ಲೆಕ್ಕ 1972ರಿಂದ 1985ರವರೆಗಿನದು. ಆಮೇಲೆ ಉಪಕರಣ ಬದಲಾಗಿವೆ, ಕೈಗಳು ಪಳಗಿವೆ. ಅಲ್ಲದೆ ಅಲ್ಲಿ ಸಫಲ ಎಂದರೆ ಮೂರು ತಿಂಗಳ ನಂತರ ಕಲ್ಲು ಉಳಿದಿರಬಾರದು, ಉಳಿದರೂ ಪುಡಿಯಷ್ಟೇ ಇರಬೇಕು ಎಂದು ಅರ್ಥ. ಗಾಯ ಎಷ್ಟು ದೊಡ್ಡದು, ಆಸ್ಪತ್ರೆಯಲ್ಲಿ ಎಷ್ಟು ದಿನ, ಹೊಲಕ್ಕೆ ಮರಳುವುದು ಯಾವಾಗ ಎಂಬುದು ಆ ಅಂಕಿಯಲ್ಲಿ ಇಲ್ಲ. ದಿನಗೂಲಿಯವನಿಗೆ ಅದೂ ಲೆಕ್ಕವೇ. ಆದ್ದರಿಂದ ಮೊದಲ ಪಾಠ ಇಷ್ಟು: ನೂರಕ್ಕೆ ಇಷ್ಟು ಎಂದವರನ್ನು "ಎಂಥವರ ನೂರು? ಗುಣ ಎಂದರೆ ಏನು?" ಎಂದು ಕೇಳಬೇಕು.

ಇನ್ನು ಒಂದು ಪ್ರಶ್ನೆ. ಸುಲಭದ ರೋಗಿ, ಕಷ್ಟದ ರೋಗಿ ಎಂಬ ಭೇದವನ್ನು ಕಲ್ಲಿನ ಗಾತ್ರದಿಂದ ಅಳೆಯಬಹುದು, ಸರಿ. ಆದರೆ ಅಳೆಯಲಾಗದ ಭೇದಗಳು ಎಷ್ಟೋ ಇರುತ್ತವೆ. ಒಬ್ಬನಿಗೆ ಮನೆಯಲ್ಲಿ ಹಾಲು ತುಪ್ಪ, ಇನ್ನೊಬ್ಬನಿಗೆ ಗಂಜಿ. ಒಬ್ಬನು ಹೇಳಿದ ಹೊತ್ತಿಗೆ ಗುಳಿಗೆ ನುಂಗುತ್ತಾನೆ, ಇನ್ನೊಬ್ಬನು ಮರೆಯುತ್ತಾನೆ. ಇವನ್ನೆಲ್ಲ ಸರಿದೂಗಿಸುವುದು ಹೇಗೆ? ಇದಕ್ಕೆ ಲೆಕ್ಕದವರು ಕಂಡುಕೊಂಡ ಉಪಾಯ ನಮ್ಮ ಹೆಂಗಸರ ಚೀಟಿ ವ್ಯವಹಾರದಲ್ಲಿ ಇರುವಂಥದ್ದೇ: ಚೀಟಿ ಎತ್ತುವುದು. ಯಾವ ರೋಗಿಗೆ ಯಾವ ಚಿಕಿತ್ಸೆ ಎಂಬುದನ್ನು ವೈದ್ಯರೂ ಆರಿಸಬಾರದು, ರೋಗಿಯೂ ಆರಿಸಬಾರದು, ಚೀಟಿ ಆರಿಸಬೇಕು. ಆಗ ಬಡವರೂ ಬಲ್ಲಿದರೂ, ಹೆಚ್ಚು ನರಳುವವರೂ ಕಡಿಮೆ ನರಳುವವರೂ ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತಾರೆ.

ಇಂಥ ಪರೀಕ್ಷೆಗಳಲ್ಲಿ ಲೋಕಕ್ಕೇ ಪಾಠ ಹೇಳಿದ್ದೊಂದು ನಮ್ಮ ದಕ್ಷಿಣದಲ್ಲೇ ನಡೆಯಿತು. ಆಗ ಕ್ಷಯರೋಗ ಬಂತೆಂದರೆ ರೋಗಿಯನ್ನು ಮನೆಯಿಂದ ಬಿಡಿಸಿ ಸ್ಯಾನಟೋರಿಯಂಗೆ ಸೇರಿಸಬೇಕು, ತಿಂಗಳುಗಟ್ಟಲೆ ಹಾಸಿಗೆ, ಒಳ್ಳೆಯ ಊಟ, ಒಳ್ಳೆಯ ಗಾಳಿ ಎಂಬುದು ನಂಬಿಕೆ. ಆದರೆ ದೇಶದಲ್ಲಿ ರೋಗಿಗಳು ಲಕ್ಷಗಟ್ಟಲೆ, ಹಾಸಿಗೆಗಳು ಬೆರಳೆಣಿಕೆ. 1956ರಲ್ಲಿ ಮದರಾಸಿನಲ್ಲಿ ಕ್ಷಯ ಔಷಧ ಚಿಕಿತ್ಸಾ ಕೇಂದ್ರ ಸ್ಥಾಪನೆಯಾಯಿತು. ಅಲ್ಲಿ ನಗರದ ಬಡ ಕುಟುಂಬಗಳ 193 ರೋಗಿಗಳನ್ನು ಚೀಟಿಯ ಕ್ರಮದಲ್ಲಿ ಎರಡು ಪಾಲು ಮಾಡಿದರು. ಒಂದು ಪಾಲಿನವರು ಸ್ಯಾನಟೋರಿಯಂಗೆ ಹೋದರು. ಇನ್ನೊಂದು ಪಾಲಿನವರು ತಮ್ಮ ಇಕ್ಕಟ್ಟಿನ ಮನೆಗಳಲ್ಲೇ ಉಳಿದರು. ಔಷಧ ಇಬ್ಬರಿಗೂ ಒಂದೇ, ಅವಧಿ ಹನ್ನೆರಡು ತಿಂಗಳು.

ವರ್ಷದ ಕೊನೆಗೆ ರೋಗ ಅಡಗಿದವರು ಸ್ಯಾನಟೋರಿಯಂನಲ್ಲಿ ನೂರಕ್ಕೆ 92, ಮನೆಯಲ್ಲಿ ನೂರಕ್ಕೆ 86. ಆರರ ವ್ಯತ್ಯಾಸ ಇದೆಯಲ್ಲ, ಸ್ಯಾನಟೋರಿಯಂ ಗೆದ್ದಿತಲ್ಲ ಎಂದು ನೀವು ಕೇಳಬಹುದು. ನೆನಪಿಡಿ, ಒಂದೊಂದು ಪಾಲಿನಲ್ಲಿ ಇದ್ದವರು ನೂರಕ್ಕೂ ಕಡಿಮೆ. ಅಷ್ಟು ಸಣ್ಣ ಗುಂಪಿನಲ್ಲಿ ಐದಾರು ಜನರ ಅಂತರ ಬರಿಯ ಚೀಟಿಯ ಆಟದಿಂದಲೂ ಬರುತ್ತದೆ. ಒಂದು ನಾಣ್ಯವನ್ನು ನೂರು ಸಲ ಚಿಮ್ಮಿ ನೋಡಿ. ಐವತ್ತೇ ಸಲ ತಲೆ ಬೀಳುವುದು ಅಪರೂಪ. ಒಮ್ಮೆ 46 ಬೀಳುತ್ತದೆ, ಒಮ್ಮೆ 55. ಅದಕ್ಕಾಗಿ ನಾಣ್ಯವನ್ನು ದೂರುತ್ತೇವೆಯೇ? ಇನ್ನೊಂದು ಮುಖ್ಯ ಸಂಗತಿ, ಮನೆಯಲ್ಲೇ ಉಳಿದ ರೋಗಿಗಳಿಂದ ಮನೆಯವರಿಗೆ ರೋಗ ಹೆಚ್ಚಾಗಿ ಹರಡಲಿಲ್ಲ. ಔಷಧ ಸರಿಯಾಗಿ ತೆಗೆದುಕೊಂಡರೆ ಕ್ಷಯಕ್ಕೆ ಮನೆಯೇ ಸಾಕು ಎಂಬ ತಿಳಿವಳಿಕೆ ಅಲ್ಲಿಂದ ಹೊರಟು ಹಲವು ದೇಶಗಳಿಗೆ ಹೋಯಿತು. ಇಂದು ನಮ್ಮ ಹಳ್ಳಿಯ ಟಿ.ಬಿ. ರೋಗಿ ಹೆಂಡತಿ ಮಕ್ಕಳನ್ನು ಬಿಟ್ಟು ದೂರ ಹೋಗಬೇಕಿಲ್ಲದಿದ್ದರೆ, ಆ ಚೀಟಿಗಳ ಉಪಕಾರವೂ ಅದರಲ್ಲಿದೆ.

ಈಗ ನಮ್ಮ ಬಾಗಿಲಿಗೇ ಬರೋಣ. ಮಂಗನ ಕಾಯಿಲೆ ಎಂದರೆ ಗಡಿಯ ಯಾವ ಊರಿನವರಿಗೂ ಬಿಡಿಸಿ ಹೇಳಬೇಕಿಲ್ಲ. ಮರಾಠಿಯವರು ಮಾಕಡತಾಪ ಎನ್ನುತ್ತಾರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ರೋಗ ಇದು. ಕಾಡಿನ ಉಣುಗು ಕಚ್ಚಿ ಬರುತ್ತದೆ. ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಈ ರೋಗದ ವೈರಸ್ಸನ್ನೇ ಕೊಲ್ಲುವ ಔಷಧ ಇಲ್ಲ, ನೀರು, ರಕ್ತ ಸರಿಯಾಗಿ ಇರುವಂತೆ ನೋಡಿಕೊಂಡು ಜೀವ ಉಳಿಸಬೇಕು. 2015ರಲ್ಲಿ ಅದು ಗೋವಾದ ಸತ್ತರಿ ತಾಲೂಕಿನ ಪಾಲಿ ಗ್ರಾಮದಲ್ಲಿ ಕಾಣಿಸಿಕೊಂಡಿತು. ಮರುವರ್ಷ ಮಹಾರಾಷ್ಟ್ರದ ದೋಡಾಮಾರ್ಗದ ಕಡೆಯೂ ಬಂತು. ಉಣುಗಿನ ಮರಿಗಳು ಹೆಚ್ಚುವ ಕಾಲವೂ ಗೇರುಬೀಜ ಹೆಕ್ಕುವ ಕಾಲವೂ ಒಂದೇ. ಹೊಟ್ಟೆಪಾಡಿಗಾಗಿ ಗೇರು ಹಿತ್ತಿಲಿಗೆ ಇಳಿಯುವವರಿಗೆ ಇದು ದೂರದ ಸುದ್ದಿಯಲ್ಲ.

ಈ ರೋಗಕ್ಕೆ ಕರ್ನಾಟಕದಲ್ಲಿ ಬಹುಕಾಲ ಲಸಿಕೆ ಕೊಡುತ್ತಿದ್ದರು. ಆಗ ಊರೂರಲ್ಲಿ ಕೇಳಿಬರುತ್ತಿದ್ದ ಮಾತು: "ಲಸಿಕೆ ಹಾಕಿಸಿಕೊಂಡವರಿಗೂ ಜ್ವರ ಬಂತು, ಮತ್ತೆ ಲಸಿಕೆ ಯಾಕೆ?" ಈ ಮಾತನ್ನು ಲೆಕ್ಕಕ್ಕೆ ಒಡ್ಡೋಣ. ಮತ್ತೆ ಒಂದು ಕಲ್ಪಿತ ಊರು. ಜನ 1000. ಅವರಲ್ಲಿ 900 ಮಂದಿ ಲಸಿಕೆ ಹಾಕಿಸಿಕೊಂಡವರು, 100 ಮಂದಿ ಹಾಕಿಸಿಕೊಳ್ಳದವರು. ರೋಗ ಬಂದದ್ದು 14 ಮಂದಿಗೆ. ಅವರಲ್ಲಿ 9 ಮಂದಿ ಲಸಿಕೆಯವರೇ! ಚಹದ ಅಂಗಡಿಯಲ್ಲಿ ಈ ಸುದ್ದಿ ಹೇಗೆ ಹರಡುತ್ತದೆ ಎಂದು ನೀವೇ ಊಹಿಸಿ. ಆದರೆ 9 ಬಂದದ್ದು 900ರಲ್ಲಿ, ಎಂದರೆ ನೂರಕ್ಕೆ ಒಂದು. 5 ಬಂದದ್ದು 100ರಲ್ಲಿ, ಎಂದರೆ ನೂರಕ್ಕೆ ಐದು. ಲಸಿಕೆ ಐದರ ಅಪಾಯವನ್ನು ಒಂದಕ್ಕೆ ಇಳಿಸಿದೆ. ಲೆಕ್ಕದವರ ಭಾಷೆಯಲ್ಲಿ ಅದರ ಫಲ ನೂರಕ್ಕೆ 80. ರೋಗಿಗಳ ಪಟ್ಟಿಯನ್ನು ಮಾತ್ರ ನೋಡಿದವರಿಗೆ ಇದು ಕಾಣುವುದಿಲ್ಲ. ಊರಿನ ಪಟ್ಟಿಯನ್ನೂ ಪಕ್ಕದಲ್ಲಿ ಇಟ್ಟುಕೊಂಡವರಿಗೆ ಕಾಣುತ್ತದೆ.

ಇನ್ನು ನಿಜವಾದ ಅಂಕಿಗಳು. 1990ರಿಂದ 1992ರವರೆಗೆ ಕರ್ನಾಟಕದ ಮೂರು ಜಿಲ್ಲೆಗಳಲ್ಲಿ ಲಸಿಕೆಯ ಫಲವನ್ನು ನೋಡಿದರು. 1994ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಒಂದು ಡೋಸಿನ ಫಲ ನೂರಕ್ಕೆ 79, ಎರಡು ಡೋಸಿನದು ನೂರಕ್ಕೆ 93ಕ್ಕೂ ಸ್ವಲ್ಪ ಹೆಚ್ಚು. 2005ರಿಂದ 2010ರವರೆಗಿನ ಲೆಕ್ಕವನ್ನು ಬೇರೆ ತಂಡದವರು 2013ರಲ್ಲಿ ಪ್ರಕಟಿಸಿದರು. ಅಲ್ಲಿ ಕಂಡದ್ದು ಹೀಗೆ. ಲಸಿಕೆ ಇಲ್ಲದವರಲ್ಲಿ 100 ಮಂದಿಗೆ ರೋಗ ಬಂದರೆ, ಅಷ್ಟೇ ಜನಸಂಖ್ಯೆಯ ಒಂದು ಡೋಸಿನವರಲ್ಲಿ 106 ಮಂದಿಗೆ, ಎರಡು ಡೋಸಿನವರಲ್ಲಿ 38 ಮಂದಿಗೆ, ಎರಡರ ಮೇಲೆ ಬೂಸ್ಟರನ್ನೂ ತೆಗೆದುಕೊಂಡವರಲ್ಲಿ 17 ಮಂದಿಗೆ ಎಂಬ ಪ್ರಮಾಣ. ಎಂದರೆ ಎರಡು ಡೋಸಿನ ಫಲ ನೂರಕ್ಕೆ 62, ಬೂಸ್ಟರು ಸೇರಿದರೆ 83. ಒಂದೇ ಡೋಸಿನಿಂದ ರಕ್ಷಣೆ ಸಿಕ್ಕಿತು ಎನ್ನಲು ಆ ಲೆಕ್ಕದಲ್ಲಿ ಆಧಾರವೇ ಇಲ್ಲ.

ಒಂದು ಚುಚ್ಚಿಸಿಕೊಂಡು, ತೋಳು ನೋಯಿತೆಂದು ಎರಡನೆಯದಕ್ಕೆ ಬಾರದೆ, "ನನಗೆ ಲಸಿಕೆ ಆಗಿದೆ" ಎಂದು ಧೈರ್ಯವಾಗಿ ಕಾಡಿಗೆ ಹೋದವನ ಸ್ಥಿತಿ ಏನು ಎಂಬುದನ್ನು ಯೋಚಿಸಿ. ಅವನು ತನ್ನನ್ನು ಲಸಿಕೆಯವರ ಸಾಲಿನಲ್ಲಿ ಬರೆದುಕೊಂಡಿದ್ದಾನೆ. ರೋಗ ಮಾತ್ರ ಅವನನ್ನು ಲಸಿಕೆ ಇಲ್ಲದವರ ಸಾಲಿನಲ್ಲಿ ಬರೆದುಕೊಂಡಿದೆ. ಅಂಕಿಯನ್ನು ಸರಿಯಾಗಿ ಓದುವುದಕ್ಕೂ ಜೀವಕ್ಕೂ ಎಷ್ಟು ಹತ್ತಿರದ ನಂಟು ನೋಡಿ.

ಆದರೆ ಈ ಅಂಕಿಗಳನ್ನೂ ನಾವು ಪ್ರಶ್ನಿಸದೆ ಬಿಡಬಾರದು. ಮೊದಲನೆಯದಾಗಿ, 62 ಎಂದು ಬರೆದವರು ಅದರ ಪಕ್ಕದಲ್ಲೇ "26ರಿಂದ 81ರ ನಡುವೆ" ಎಂದೂ ಬರೆದಿದ್ದಾರೆ. ಬೂಸ್ಟರಿನ 83ರ ಪಕ್ಕದಲ್ಲಿ "71ರಿಂದ 90ರ ನಡುವೆ" ಎಂದಿದೆ. ಇದು ಅವರ ಅಪ್ರಾಮಾಣಿಕತೆಯಲ್ಲ, ಪ್ರಾಮಾಣಿಕತೆ. ತೆನೆ ಹೊತ್ತು ನಿಂತ ಗದ್ದೆಯನ್ನು ಬದುವಿನ ಮೇಲೆ ನಿಂತು ನೋಡಿದ ರೈತ "ಹದಿನೈದರಿಂದ ಇಪ್ಪತ್ತು ಚೀಲ ಆಗಬಹುದು" ಎಂದಂತೆ. ಲೆಕ್ಕಕ್ಕೆ ಸಿಕ್ಕ ರೋಗಿಗಳು ಕಡಿಮೆ ಇದ್ದಷ್ಟೂ ಈ ಅಂತರ ಅಗಲ. ಅಂತರ ಅಗಲವಾಗಿದ್ದರೆ ನಡುವಿನ ಅಂಕಿಯನ್ನು ಸಡಿಲವಾಗಿ ಹಿಡಿಯಬೇಕು.

ಎರಡನೆಯದಾಗಿ, 2005ರ ನಂತರದ ಆ ಲೆಕ್ಕದಲ್ಲಿ ಚೀಟಿ ಎತ್ತಿರಲಿಲ್ಲ. ಲಸಿಕೆ ಬೇಕೆಂದವರು ತೆಗೆದುಕೊಂಡರು, ಬೇಡವೆಂದವರು ಬಿಟ್ಟರು. ಬೂಸ್ಟರಿನವರೆಗೂ ತಪ್ಪದೆ ಬಂದವರು ಕಾಡಿಗೆ ಹೋಗುವಾಗ ಎಣ್ಣೆ ಹಚ್ಚಿಕೊಳ್ಳುವ, ಬಂದ ಮೇಲೆ ಬಿಸಿನೀರಿನಲ್ಲಿ ಮೀಯುವ ಎಚ್ಚರದ ಜನವೂ ಆಗಿರಬಹುದು. ಆಗ ಎಣ್ಣೆಯ ಪುಣ್ಯವೂ ಲಸಿಕೆಯ ಖಾತೆಗೆ ಜಮಾ ಆಗುತ್ತದೆ. ಇಲ್ಲವೇ ದಿನವೂ ಕಾಡಿಗೆ ಹೋಗುವ, ಅಪಾಯ ಹೆಚ್ಚಿರುವ ಜನರೇ ಹೆಚ್ಚಾಗಿ ಬಂದಿರಬಹುದು. ಆಗ ಲಸಿಕೆಯ ನಿಜವಾದ ಫಲ ಕಡಿಮೆಯಾಗಿ ಕಾಣುತ್ತದೆ.

ಮೂರನೆಯದಾಗಿ, ಹಳೆಯ 93ನ್ನೂ ಹೊಸ 62ನ್ನೂ ಪಕ್ಕ ಪಕ್ಕ ಇಟ್ಟು ಕಳೆಯುವಾಗ ಎಚ್ಚರ ಬೇಕು. ಕಾಲ ಬೇರೆ, ಲೆಕ್ಕ ಹಾಕಿದವರು ಬೇರೆ, ತಯಾರಾದ ಲಸಿಕೆಯ ತಂಡ ಬೇರೆ. ಎರಡು ಬೇರೆ ಬ್ಯಾಂಕುಗಳ ಪಾಸ್‌ಬುಕ್ಕುಗಳನ್ನು ಒಂದಕ್ಕೊಂದು ತಾಳೆ ನೋಡಿದರೆ ತಾಳೆಯಾಗುವುದಿಲ್ಲ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬಹುದು. ಒಂದು ಕಾಲದ ಅಂಕಿಯನ್ನು ಎಲ್ಲ ಕಾಲಕ್ಕೂ ನಂಬಿ ಕೂರಬಾರದು, ಮತ್ತೆ ಮತ್ತೆ ಲೆಕ್ಕ ತೆಗೆಯುತ್ತಿರಬೇಕು. ಹಾಗೆ ತೆಗೆದ ಲೆಕ್ಕಗಳಿಂದಲೇ ಆ ಹಳೆಯ ಲಸಿಕೆ ಸಾಲದು ಎಂಬುದು ಬಯಲಿಗೆ ಬಂತು. 2022ರಲ್ಲಿ ಕರ್ನಾಟಕ ಅದನ್ನು ಕೊಡುವುದನ್ನು ನಿಲ್ಲಿಸಿತು. ಹೊಸ ಲಸಿಕೆಯ ಕೆಲಸ ನಡೆದಿದೆ. ಅದು ಬಂದ ದಿನ ಅದರ ಹಿಂದೆಯೂ ಒಂದು ಅಂಕಿ ಬರುತ್ತದೆ. ಆ ದಿನ ಈ ಮಾತುಗಳನ್ನು ನೆನಪು ಮಾಡಿಕೊಳ್ಳಿ.

ಇನ್ನೊಂದು ಸಣ್ಣ ಸೂಕ್ಷ್ಮ. "ಅಪಾಯ ನೂರಕ್ಕೆ 62ರಷ್ಟು ಇಳಿಯುತ್ತದೆ" ಎಂದಾಗ ಎಷ್ಟರಿಂದ ಇಳಿಯುತ್ತದೆ ಎಂದೂ ಕೇಳಬೇಕು. ಸಾವಿರಕ್ಕೆ ಐದು ಮಂದಿಗೆ ರೋಗ ಬರುವ ಊರಿನಲ್ಲಿ ಅದು ಸುಮಾರು ಎರಡಕ್ಕೆ ಇಳಿಯುತ್ತದೆ. ಮೂರು ಮಂದಿ ಉಳಿದರು, ದೊಡ್ಡ ಮಾತೇ. ರೋಗವೇ ಇಲ್ಲದ ಊರಿನಲ್ಲಿ ಅದೇ 62ಕ್ಕೆ ಅಷ್ಟು ಬೆಲೆಯಿಲ್ಲ. ಬಡ್ಡಿಯ ದರ ಕೇಳಿದವನು ಅಸಲು ಎಷ್ಟೆಂದೂ ಕೇಳುತ್ತಾನೆ ಅಲ್ಲವೇ?

ಕಾರವಾರ, ಜೊಯಿಡಾ, ಖಾನಾಪುರದ ಕಡೆಯಿಂದ ಎಷ್ಟೋ ಮಂದಿ ಬಾಂಬೋಳಿಯ ದೊಡ್ಡಾಸ್ಪತ್ರೆಗೆ ಬರುತ್ತಾರೆ, ಇಲ್ಲಿಂದ ಬೆಳಗಾವಿ, ಹುಬ್ಬಳ್ಳಿ, ಮಣಿಪಾಲಕ್ಕೆ ಹೋಗುವವರೂ ಇದ್ದಾರೆ. ಒಂದು ಚಿಕಿತ್ಸೆಗಾಗಿ ಎಮ್ಮೆ ಮಾರಿದವರಿದ್ದಾರೆ, ತಾಳಿಯ ಬಂಗಾರ ಅಡವಿಟ್ಟವರಿದ್ದಾರೆ. ಅಷ್ಟು ಕೊಡುವವರಿಗೆ ನಾಲ್ಕು ಮಾತು ಕೇಳುವ ಹಕ್ಕು ಇದೆ. ವೈದ್ಯರ ಮುಂದೆ ವಿನಯದಿಂದಲೇ ಕೇಳಿ: "ಡಾಕ್ಟರೇ, ಈ ನೂರು ಜನ ನನ್ನಂಥವರೇ? ನನ್ನ ವಯಸ್ಸಿನವರೇ, ನನ್ನಷ್ಟೇ ರೋಗ ಬಲಿತವರೇ? ಗುಣ ಎಂದರೆ ಇಲ್ಲಿ ಏನರ್ಥ, ಎಷ್ಟು ದಿನದ ಮೇಲೆ ನೋಡಿದ್ದು? ಎಷ್ಟು ಜನರ ಲೆಕ್ಕ ಇದು, ಹತ್ತರದೋ ಸಾವಿರದ್ದೋ? ಎರಡು ಚಿಕಿತ್ಸೆಗಳನ್ನು ಚೀಟಿ ಎತ್ತಿ ಹೋಲಿಸಿದ್ದಾರೆಯೇ?" ಕನ್ನಡ ಬಾರದ ವೈದ್ಯರಾದರೆ ಕೊಂಕಣಿಯಲ್ಲಿ "ಶಂಬರಾಂತಲೆ ಕಿತ್ಲೆ?" ಎಂದು ಆರಂಭಿಸಿ, ಅಲ್ಲಿಗೇ ನಿಲ್ಲಿಸದೆ ಮುಂದಿನದನ್ನೂ ಕೇಳಿ. ಒಳ್ಳೆಯ ವೈದ್ಯರು ಇದಕ್ಕೆ ಬೇಸರಿಸುವುದಿಲ್ಲ. ಎಲ್ಲದಕ್ಕೂ ಉತ್ತರ ಅವರಲ್ಲೂ ಇರಲಾರದು. "ಇದು ಇನ್ನೂ ಗೊತ್ತಿಲ್ಲ" ಎಂದು ಅವರು ಹೇಳಿದರೆ ಆ ಮಾತಿಗೂ ಬೆಲೆ ಕೊಡಿ. "ನೂರಕ್ಕೆ ನೂರು ಗ್ಯಾರಂಟಿ" ಎಂದು ಜಾಹೀರಾತು ಹಾಕುವವರಿಗಿಂತ ಅವರು ಹೆಚ್ಚು ನಂಬಿಕೆಗೆ ಯೋಗ್ಯರು.

ಕೊನೆಗೆ, ಈ ಸಲ ಗೇರು ಹಿತ್ತಿಲಿಗೆ ಹೋಗುವವರಿಗೆ ಒಂದು ಮಾತು. ಮೈ ತುಂಬ ಬಟ್ಟೆ ತೊಡಿ. ಆರೋಗ್ಯ ಇಲಾಖೆಯವರು ಉಣುಗು ತಡೆಯುವ ಎಣ್ಣೆ ಕೊಟ್ಟರೆ ಮೂಲೆಗೆ ಇಡದೆ ಹಚ್ಚಿಕೊಳ್ಳಿ. ಮನೆಗೆ ಬಂದೊಡನೆ ಮೈ ನೋಡಿಕೊಂಡು ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಜ್ವರ ಬಂದರೆ ಕಾಡಿಗೆ ಹೋಗಿದ್ದೆನೆಂದು ವೈದ್ಯರಿಗೆ ಮೊದಲೇ ಹೇಳಿ. ನೀವು ಹೇಳಿದ ಆ ಒಂದು ಮಾತು ಅವರ ಪುಸ್ತಕದಲ್ಲಿ ಸರಿಯಾದ ಸಾಲಿಗೆ ಸೇರುತ್ತದೆ. ಅಂಥ ಸಾಲುಗಳು ಸೇರಿಯೇ ಮುಂದಿನವರ ನೂರು ಆಗುತ್ತದೆ.